ನಾಲ್ಕರಿಂದ ಐದಕ್ಕೆ ಒಂದು ಟಿಕೆಟ್ಟು

2025ರ ನವೆಂಬರ್ ತಿಂಗಳ ಒಂದು ಸಂಜೆ. ಮೈಸೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದ ಮಗ ಇದ್ದಕ್ಕಿದ್ದಂತೆ, "ಅಮ್ಮಾ, ಈ ಸಲ ನಂದು ರೈಲು ಬರ್ತ್‌ಡೇ" ಎಂದ. ಅವನಿಗೆ ಐದು ತುಂಬುವುದರಲ್ಲಿತ್ತು. ಹಿಂದಿನ ವಾರವಷ್ಟೇ ಅವನ ಗೆಳೆಯನೊಬ್ಬನ ಹುಟ್ಟುಹಬ್ಬಕ್ಕೆ ಹೋಗಿ ಬಂದಿದ್ದೆವು. ಅಲ್ಲಿ ಕಾಡಿನ ಥೀಮು. ಬಾಡಿಗೆಗೆ ತಂದ ಹುಲಿ, ಜಿರಾಫೆ, ಪ್ಲಾಸ್ಟಿಕ್ ಬಳ್ಳಿಗಳ ಕಮಾನು. ನಾನೂ ಒಂದು ಕಡೆ ವಿಚಾರಿಸಿದೆ. ರೈಲಿನ ಥೀಮಿಗೆ ಮೂವತ್ತೈದು ಸಾವಿರ, ಕೇಕಿನ ದುಡ್ಡು ಬೇರೆ ಎಂದರು. ಫೋನಿಟ್ಟು, ಮನೆಯಲ್ಲೇ ಮಾಡೋಣ ಎಂದುಕೊಂಡೆ. ಮಾವನವರು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಅವರ ಟ್ರಂಕಿನಲ್ಲಿ ಹಸಿರು, ಕೆಂಪು ಬಾವುಟಗಳೂ ಸೀಟಿಯೂ ಇನ್ನೂ ಇವೆ. ಇನ್ನೇನು ಬೇಕು?

ಬೇಕಾಗಿದ್ದದ್ದು ಒಂದು ತಾರೀಖು. ಅದೇ ಕಷ್ಟವಾಯಿತು.

"ಡಿಸೆಂಬರ್ 22, ಸೋಮವಾರ ಬರುತ್ತೆ" ಎಂದೆ ನಾನು, ಕ್ಯಾಲೆಂಡರ್ ನೋಡಿ. ಅತ್ತೆ ಪಂಚಾಂಗ ತೆಗೆದರು. "ಮಾರ್ಗಶಿರ ಶುದ್ಧ ಅಷ್ಟಮಿ. ಇದೇ 28ನೇ ತಾರೀಖು ಶುಕ್ರವಾರ. ನೀನು ಹೇಳೋ ಹೊತ್ತಿಗೆ ಪುಷ್ಯ ಮಾಸವೇ ಬಂದುಬಿಟ್ಟಿರುತ್ತಮ್ಮ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮಗು ಹುಟ್ಟಿದ್ದೂ ಮಂಗಳವಾರ ಅಲ್ಲ, ಸೋಮವಾರ" ಎಂದು ಸೇರಿಸಿದರು.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಘಟನೆಯೊಂದು ನಡೆದದ್ದು ಯಾವತ್ತು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳುತ್ತೇನೆ. ಈ ಘಟನೆ ನಡೆದಾಗ ನಾನು ಖುದ್ದು ಹಾಜರಿದ್ದೆ. ಆದರೂ ದಿನ ಯಾವುದೆಂದು ವಾದ ಬಂದಿತ್ತು.

ಅವನು ಹುಟ್ಟಿದ್ದು ಕೊರೊನಾ ವರ್ಷದ ಡಿಸೆಂಬರಿನಲ್ಲಿ. 2020ರ ಡಿಸೆಂಬರ್ 21, ಸೋಮವಾರ ಸಂಜೆ ಪಶ್ಚಿಮದ ಆಕಾಶದಲ್ಲಿ ಗುರು ಮತ್ತು ಶನಿ ಗ್ರಹಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣಿಸಿದವು. ಪತ್ರಿಕೆಗಳೆಲ್ಲ ಅದನ್ನೇ ಬರೆದಿದ್ದವು. ಆಸ್ಪತ್ರೆಯಲ್ಲಿ ನನ್ನ ಜೊತೆ ಒಬ್ಬರಿಗೆ ಮಾತ್ರ ಇರಲು ಬಿಟ್ಟಿದ್ದರಿಂದ ಅತ್ತೆ, ಮಾವ ಮನೆಯಲ್ಲೇ ಉಳಿದಿದ್ದರು. ಇಬ್ಬರೂ ತಾರಸಿ ಹತ್ತಿ ಆ ಜೋಡಿಯನ್ನು ನೋಡಿದರಂತೆ. ಬೆಳಗಿನ ಜಾವ 3 ಗಂಟೆ 40 ನಿಮಿಷಕ್ಕೆ ಮಗು ಹುಟ್ಟಿತು. ಆಸ್ಪತ್ರೆಯವರು 22 ಎಂದು ಬರೆದರು. ಅತ್ತೆಗೆ ಅದು ಗುರು ಶನಿ ಕೂಡಿದ ರಾತ್ರಿ. ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಆದ್ದರಿಂದ ಸೋಮವಾರ.

ಪಂಚಾಂಗದ ಪ್ರಕಾರ ಅತ್ತೆ ಹೇಳಿದ್ದು ಸರಿ. ನಮ್ಮಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ನಡುರಾತ್ರಿ ಯಾರೂ ನೋಡದ ಹೊತ್ತಿನಲ್ಲಿ ದಿನ ಬದಲಾಗುತ್ತದೆ ಎಂಬುದು ಗಡಿಯಾರ ಇಲ್ಲದ ಊರಿಗೆ ಅರ್ಥವಾಗುವ ಮಾತಲ್ಲ. ಸೂರ್ಯ ಕಣ್ಣಿಗೆ ಕಾಣುತ್ತಾನೆ, ನಡುರಾತ್ರಿ ಕಾಣುವುದಿಲ್ಲ. ಆ ಕಾಣದ ಗಡಿಯನ್ನು ನಮ್ಮ ಜನರ ದಿನಚರಿಯೊಳಗೆ ತಂದ ಸಂಗತಿಗಳಲ್ಲಿ ಮಾವನವರ ರೈಲೂ ಒಂದು.

ಮಾವನವರು ಈ ಮಾತಿಗೆ ನಕ್ಕರು. ಅವರ ನೌಕರಿಯುದ್ದಕ್ಕೂ ಒಂದೇ ಜಗಳ ಬೇರೆ ಬೇರೆ ಮುಖ ಹೊತ್ತು ಕೌಂಟರಿಗೆ ಬರುತ್ತಿತ್ತಂತೆ. ರಾತ್ರಿ ಹನ್ನೆರಡು ಗಂಟೆ ಹತ್ತು ನಿಮಿಷದ ರೈಲು. ಟಿಕೆಟ್ಟಿನ ಮೇಲೆ 12ನೇ ತಾರೀಖು. ಹೆಂಡತಿ, ಮಕ್ಕಳು, ಹಾಸಿಗೆ ಸುರುಳಿ ಸಮೇತ ಒಬ್ಬರು 12ರ ರಾತ್ರಿ ಊಟ ಮುಗಿಸಿ ಬಂದು ನಿಲ್ಲುತ್ತಾರೆ. "ಸ್ವಾಮಿ, ಟಿಕೆಟ್ಟಿನಲ್ಲಿ ಇವತ್ತಿನ ತಾರೀಖೇ ಇದೆಯಲ್ಲ." ಮಾವ ಹೇಳುತ್ತಿದ್ದರಂತೆ: "ಇವತ್ತಿನ ರೈಲು ನಿನ್ನೆ ರಾತ್ರಿಯೇ ಹೋಯಿತಲ್ಲ, ಯಜಮಾನರೇ." ಆ ಯಜಮಾನರು ದಡ್ಡರಲ್ಲ, ಅತ್ತೆಯ ಪಂಚಾಂಗದಲ್ಲಿ ಬದುಕುತ್ತಿದ್ದವರು.

ಗಂಟೆಯ ಲೆಕ್ಕವೂ ಇಷ್ಟೇ. ರೈಲಿಗೆ ಮೊದಲು ಊರೂರಿಗೂ ಅದರದೇ ಮಧ್ಯಾಹ್ನವಿತ್ತು. ಸೂರ್ಯ ನೆತ್ತಿಗೆ ಬಂದರೆ ಹನ್ನೆರಡು. ಅದು ಮದ್ರಾಸಿಗಿಂತ ಮೈಸೂರಿಗೆ ಸುಮಾರು 14 ನಿಮಿಷ ತಡ. ನಡೆದು ಹೋಗುವವರಿಗೆ, ಗಾಡಿಯಲ್ಲಿ ಹೋಗುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ಬರುವ ರೈಲುಗಳಿಗೆ ಬರುತ್ತದೆ. 1870ರ ದಶಕದಿಂದ ಭಾರತದ ರೈಲುಗಳು ಮದ್ರಾಸಿನ ಸಮಯಕ್ಕೆ ಓಡತೊಡಗಿದವು. ಅಲ್ಲಿ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಖಗೋಳ ವೀಕ್ಷಣಾಲಯವಿತ್ತು, ಬೊಂಬಾಯಿಗೂ ಕಲ್ಕತ್ತೆಗೂ ನಡುವಿನ ಸಮಯವೂ ಅದಾಗಿತ್ತು. ಇಡೀ ದೇಶಕ್ಕೆ ಈಗಿರುವ ಸಮಯ ಬಂದದ್ದು 1906ರ ಜನವರಿ 1ರಿಂದ. ಅದು ಅಲಹಾಬಾದಿನ ಹತ್ತಿರ ಹಾಯುವ ರೇಖಾಂಶದ ಸಮಯ. ಹೀಗಾಗಿ ನಮ್ಮ ಗೋಡೆ ಗಡಿಯಾರ ಮೈಸೂರಿನ ಸೂರ್ಯನಿಗಿಂತ ಸರಾಸರಿ 23 ನಿಮಿಷ ಮುಂದಿದೆ. ಜಾತಕ ಬರೆಯುವವರು ಹುಟ್ಟಿದ ಊರು ಯಾವುದೆಂದು ಕೇಳುವುದು ಈ ಕಾರಣಕ್ಕೂ ಹೌದು. ಅವರು ರೈಲ್ವೆಯ ಸಮಯವನ್ನು ಮತ್ತೆ ಊರಿನ ಸೂರ್ಯನಿಗೆ ಒಪ್ಪಿಸಬೇಕು.

ಸೋಮವಾರವೋ ಮಂಗಳವಾರವೋ ಎಂಬುದು ಕೆಲವು ಗಂಟೆಗಳ ವ್ಯಾಜ್ಯ. 28ಕ್ಕೂ 22ಕ್ಕೂ ನಡುವೆ 24 ದಿನಗಳಿವೆ. ಅದು ಚಂದ್ರನಿಗೂ ಸೂರ್ಯನಿಗೂ ಇರುವ ವ್ಯಾಜ್ಯ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷ 365. ಹಾಗಾಗಿ ತಿಥಿಯ ಹುಟ್ಟುಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಬಹಳ ಹಿಂದೆ ಸರಿದಾಗ ಅಧಿಕ ಮಾಸ ಬಂದು ಅದನ್ನು ಮುಂದಕ್ಕೆ ತಳ್ಳುತ್ತದೆ. ಮಗನ ಅಷ್ಟಮಿ 2021ರಲ್ಲಿ ಡಿಸೆಂಬರ್ 11ರ ಹೊತ್ತಿಗೆ ಬಂತು, 2022ರಲ್ಲಿ ನವೆಂಬರ್ ಕೊನೆಗೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಮತ್ತೆ ಡಿಸೆಂಬರ್ 20ರ ಹತ್ತಿರಕ್ಕೆ ಹೋಯಿತು. ಚಾಮುಂಡಿ ಬೆಟ್ಟದ ವರ್ಧಂತಿ ಪ್ರತಿವರ್ಷ ಬೇರೆ ತಾರೀಖಿಗೆ ಬರುವುದೂ ಹೀಗೆಯೇ, ಅದು ಆಷಾಢ ಬಹುಳ ಸಪ್ತಮಿ. ವರ್ಧಂತಿ ಎಂಬ ಮಾತಿನಲ್ಲಿ ಹುಟ್ಟಿಗಿಂತ ಬೆಳವಣಿಗೆಯೇ ಮುಖ್ಯ. ನಮ್ಮೂರಿನ ದೇವಿಗೂ ಅರಸರಿಗೂ ಬಳಕೆಯಾದ ಪದ ಅದು.

ಎರಡು ಹುಟ್ಟುಹಬ್ಬ ಎಂದರೆ ಗೊಂದಲ ಎಂದು ನನ್ನ ಗಂಡ ಗೊಣಗಿದರು. ನಾನು ಅಕ್ಬರನ ಕಥೆ ಹೇಳಿದೆ. ಬಾದಶಹ ವರ್ಷಕ್ಕೆ ಎರಡು ಸಲ ತಕ್ಕಡಿಯಲ್ಲಿ ಕೂರುತ್ತಿದ್ದ, ಸೌರಮಾನದ ಹುಟ್ಟುಹಬ್ಬಕ್ಕೆ ಒಮ್ಮೆ, ಚಾಂದ್ರಮಾನದ ಹುಟ್ಟುಹಬ್ಬಕ್ಕೆ ಇನ್ನೊಮ್ಮೆ. ಅಬುಲ್ ಫಜಲ್ ಐನ್-ಎ-ಅಕ್ಬರಿಯಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಚಿನ್ನ, ರೇಷ್ಮೆ, ಸುಗಂಧದಿಂದ ಹಿಡಿದು ತುಪ್ಪ, ಕಬ್ಬಿಣ, ಧಾನ್ಯ, ಉಪ್ಪಿನವರೆಗೆ ಒಂದೊಂದನ್ನೂ ಅವನ ತೂಕಕ್ಕೆ ತೂಗಿ ದಾನ ಕೊಡುತ್ತಿದ್ದರು. ನಮ್ಮ ತುಲಾಭಾರವೇ ಅದು. ನನಗೆ ಹಿಡಿಸಿದ್ದು ರಾಜಕುಮಾರರ ಕುರಿತ ಮಾತು. ಅವರನ್ನು ಎರಡನೆಯ ವಯಸ್ಸಿನಿಂದ ತೂಗಲು ಶುರುಮಾಡುತ್ತಿದ್ದರು. ಮೊದಲ ಸಲ ಒಂದೇ ವಸ್ತು, ಆಮೇಲೆ ವರ್ಷಕ್ಕೊಂದು ಹೆಚ್ಚಿಗೆ. ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ 1617ರಲ್ಲಿ ಮಾಂಡುವಿನಲ್ಲಿ ಜಹಾಂಗೀರನ ತುಲಾಭಾರವನ್ನು ಕಣ್ಣಾರೆ ನೋಡಿ ಬರೆದಿಟ್ಟ. ಅಷ್ಟು ದೊಡ್ಡ ಸಾಮ್ರಾಜ್ಯವೇ ಎರಡು ಹುಟ್ಟುಹಬ್ಬಗಳನ್ನು ಸುಧಾರಿಸಿಕೊಂಡಿತ್ತು. ನಾವೂ ಸುಧಾರಿಸಿಕೊಳ್ಳಬಹುದು ಎಂದು ತೀರ್ಮಾನವಾಯಿತು. 28ಕ್ಕೆ ಎಣ್ಣೆನೀರು, ಆರತಿ, ಶಾವಿಗೆ ಪಾಯಸ. ಅದು ಅತ್ತೆಯದು. 22ಕ್ಕೆ ರೈಲು. ಅದು ನನ್ನದು.

ರೈಲಿನ ಯೋಜನೆಗೆ ಫ್ರಿಜ್ಜಿನ ರಟ್ಟಿನ ಡಬ್ಬ ಬಂತು, ಮೂಲೆಯಂಗಡಿಯಿಂದ ಬಿಸ್ಕತ್ತಿನ ಡಬ್ಬಗಳು ಬಂದವು. ಮನೆಯನ್ನೇ ಮೈಸೂರು ಬೆಂಗಳೂರು ದಾರಿ ಮಾಡೋಣ ಎಂದದ್ದು ಮಾವ. ಬಾಗಿಲು ಮೈಸೂರು, ಹಿತ್ತಲು ಬೆಂಗಳೂರು. ನಡುವೆ ಒಂದೊಂದು ಕೋಣೆಯೂ ಒಂದೊಂದು ಸ್ಟೇಷನ್. ಮಂಡ್ಯದಲ್ಲಿ ಬೆಲ್ಲದ ಚೂರು, ಮದ್ದೂರಿನಲ್ಲಿ ವಡೆ, ಚನ್ನಪಟ್ಟಣದಲ್ಲಿ ಬುಗುರಿ, ರಾಮನಗರದಲ್ಲಿ ಹತ್ತಿಯುಂಡೆ ಸುತ್ತಿದ ರೇಷ್ಮೆಗೂಡು, ಬಿಡದಿಯಲ್ಲಿ ತಟ್ಟೆ ಇಡ್ಲಿ. ಮಕ್ಕಳು ಒಬ್ಬರ ಬೆನ್ನು ಒಬ್ಬರು ಹಿಡಿದು ಬೋಗಿಗಳಾಗಿ ಹೊರಡಬೇಕು. ಪ್ರತಿ ಸ್ಟೇಷನ್ನಿನಲ್ಲೂ ಇಳಿದು, ಒಂದು ಆಟ ಆಡಿ, ತಿಂದು ಮುಂದೆ ಹೋಗಬೇಕು.

ನಾನು ಹಲಗೆಗಳ ಮೇಲೆ ಊರುಗಳ ಹೆಸರು ಬರೆಯುತ್ತಾ ಆ ಹಳಿಯ ಕಥೆ ನೆನೆದೆ. ಮೈಸೂರಿಗೆ ರೈಲು ಬಂದದ್ದು 1882ರಲ್ಲಿ. ಹಳಿ ಹಾಕುವ ಕೆಲಸ 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ ನಡೆಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೆ ಸ್ವಲ್ಪ ಹೆಚ್ಚು. ಹತ್ತು ವರ್ಷದ ನಂತರ ಅದು 42 ಲಕ್ಷಕ್ಕೂ ಕಡಿಮೆ. ಮಂಡ್ಯ, ಮದ್ದೂರು ಎಂದು ನಾವು ಬಣ್ಣದ ಪೆನ್ನಿನಲ್ಲಿ ಬರೆಯುತ್ತಿದ್ದ ದಾರಿಯ ಏರಿಗೆ ಮಣ್ಣು ಹೊತ್ತವರು ಒಂದು ಹೊತ್ತಿನ ಅನ್ನಕ್ಕಾಗಿ ಹೊತ್ತವರು. ಇದನ್ನು ಐದು ವರ್ಷದವನಿಗೆ ಹೇಳಲಿಲ್ಲ. ಆದರೆ ನನ್ನ ತಲೆಯಲ್ಲಿ ಇನ್ನೊಂದು ಸಂಗತಿ ಉಳಿದುಕೊಂಡಿತು. ಆ ಬರವನ್ನು ನಮ್ಮ ಜನ 1876 ಎಂದು ನೆನಪಿಡಲಿಲ್ಲ, ಧಾತು ಈಶ್ವರ ಸಂವತ್ಸರಗಳ ಬರ ಎಂದು ನೆನಪಿಟ್ಟರು. "ನಮ್ಮಜ್ಜ ಧಾತು ಈಶ್ವರದ ಬರದಲ್ಲಿ ಹುಟ್ಟಿದವನು" ಎಂದರೆ ಅದೇ ಜನನ ಪ್ರಮಾಣಪತ್ರ. ಬರ, ಪ್ಲೇಗು, ಕೆರೆ ಕೋಡಿ ಬಿದ್ದದ್ದು, ತೇರಿನ ಅಚ್ಚು ಮುರಿದದ್ದು, ಇವೇ ತಾರೀಖುಗಳು. ಅತ್ತೆಯ 'ಗುರು ಶನಿ ಕೂಡಿದ ರಾತ್ರಿ'ಯೂ ಅದೇ ಸಾಲಿಗೆ ಸೇರುತ್ತದೆ.

ಆಹ್ವಾನ ಪತ್ರಿಕೆಯಾಗಿ ಹಳೆಯ ರಟ್ಟಿನ ಟಿಕೆಟ್ಟು ಮಾಡಿದೆವು. ಮಾವ ಅಳತೆ ಕೊಟ್ಟರು: 57 ಮಿಲಿಮೀಟರ್ ಉದ್ದ, 30 ಅಗಲ. ಅರ್ಧ ಶತಮಾನದ ಹಿಂದೆ ಬೆರಳಿಗೆ ಹತ್ತಿದ ಅಳತೆ. ಈ ಟಿಕೆಟ್ಟನ್ನು ಕಂಡುಹಿಡಿದವನು ಥಾಮಸ್ ಎಡ್ಮಂಡ್‌ಸನ್ ಎಂಬ ಇಂಗ್ಲಿಷ್ ಬಡಗಿ. ಮರಗೆಲಸದಲ್ಲಿ ದಿವಾಳಿಯಾಗಿ 1830ರ ದಶಕದಲ್ಲಿ ಒಂದು ಸಣ್ಣ ರೈಲು ನಿಲ್ದಾಣದ ಮಾಸ್ಟರ್ ಆದ. ಪ್ರತಿಯೊಬ್ಬರಿಗೂ ಕೈಯಲ್ಲಿ ಚೀಟಿ ಬರೆದು ಬರೆದು ಸಾಕಾಗಿ, ರಟ್ಟಿನ ತುಂಡುಗಳ ಮೇಲೆ ಮೊದಲೇ ಊರು ಮತ್ತು ಕ್ರಮಸಂಖ್ಯೆ ಅಚ್ಚು ಹಾಕಿಟ್ಟ. ಮಾರುವಾಗ ತಾರೀಖು ಒತ್ತುವ ಯಂತ್ರವೂ ಅವನದೇ. ಜಗತ್ತೆಲ್ಲ ಒಂದೂವರೆ ಶತಮಾನ ಅದನ್ನೇ ಬಳಸಿತು. "ಅವನೂ ಸ್ಟೇಷನ್ ಮಾಸ್ಟ್ರೇ" ಎಂದು ಮಾವ ಮೂರು ಸಲ ಹೇಳಿದರು. ನಮ್ಮ ಟಿಕೆಟ್ಟಿನ ಮೇಲೆ ಹೀಗೆ ಬರೆದೆವು: 'ನಾಲ್ಕರಿಂದ ಐದಕ್ಕೆ. ಒಂದೇ ದಾರಿ. ಹಿಂದಿರುಗುವ ಟಿಕೆಟ್ಟು ಕೊಡಲಾಗುವುದಿಲ್ಲ.'

ಕೇಕಿನ ವಿಷಯಕ್ಕೆ ಬಂದಾಗ ನನ್ನ ವಿದ್ಯೆ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಹುಟ್ಟುಹಬ್ಬದ ಔತಣ ಬಹಳ ಹಳೆಯದು. ಪರ್ಷಿಯನ್ನರು ಉಳಿದೆಲ್ಲ ದಿನಗಳಿಗಿಂತ ಹುಟ್ಟಿದ ದಿನವನ್ನೇ ದೊಡ್ಡದಾಗಿ ಆಚರಿಸುತ್ತಾರೆ, ಶ್ರೀಮಂತರು ಎತ್ತು, ಕುದುರೆ, ಒಂಟೆಗಳನ್ನು ಇಡಿಯಾಗಿ ಬೇಯಿಸುತ್ತಾರೆ ಎಂದು ಹೆರೊಡೋಟಸ್ ಬರೆದು ಎರಡೂವರೆ ಸಾವಿರ ವರ್ಷವಾಗುತ್ತ ಬಂತು. ಆದರೆ ಮಗುವೊಂದನ್ನು ನಡುವೆ ಕೂರಿಸಿ, ಅದರ ವಯಸ್ಸಿನಷ್ಟು ಮೇಣದಬತ್ತಿ ಹಚ್ಚುವುದು ಹೆಚ್ಚುಕಡಿಮೆ ಜರ್ಮನರ ಮನೆಯ ಪದ್ಧತಿ. 1746ರಲ್ಲಿ ತ್ಸಿಂತ್ಸೆಂಡಾರ್ಫ್ ಎಂಬ ಜರ್ಮನ್ ಜಮೀನುದಾರ ಧರ್ಮಗುರುವಿನ ಹುಟ್ಟುಹಬ್ಬಕ್ಕೆ ಒಲೆಯಲ್ಲಿ ಹಿಡಿಸುವಷ್ಟೂ ದೊಡ್ಡ ಕೇಕು ಮಾಡಿ, ವಯಸ್ಸಿನಷ್ಟು ತೂತು ಕೊರೆದು, ತೂತಿಗೊಂದು ಬತ್ತಿ ನಿಲ್ಲಿಸಿ, ನಡುವೆ ಇನ್ನೊಂದು ಇಟ್ಟಿದ್ದರೆಂದು ನೋಡಿದವರು ಬರೆದಿದ್ದಾರೆ. 19ನೆಯ ಶತಮಾನದ ಆರಂಭದಲ್ಲಿ ಕವಿ ಗೋಥೆಯ ಹುಟ್ಟುಹಬ್ಬಕ್ಕೆ ಐವತ್ತರಷ್ಟು ಬತ್ತಿಗಳ ಕೇಕು ಬಂತು. ಬತ್ತಿಗಳ ದಟ್ಟಣೆಗೆ, ಮಕ್ಕಳ ಕೇಕಿನಲ್ಲಿ ಇರುವಂತೆ ಮುಂದಿನ ವರ್ಷಗಳಿಗೆ ಜಾಗವೇ ಉಳಿದಿರಲಿಲ್ಲ ಎಂದು ಆತ ತಮಾಷೆ ಮಾಡಿದ. ಅಂದರೆ ಮಕ್ಕಳ ಹುಟ್ಟುಹಬ್ಬದ ಕೇಕು ಆ ಹೊತ್ತಿಗಾಗಲೇ ಅಲ್ಲಿ ಮನೆಮಾತು. ಫ್ರೊಬೆಲ್ ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟದ್ದೂ ಜರ್ಮನಿಯಲ್ಲೇ, 1840ರಲ್ಲಿ. ನಾವೀಗ ಹಾಡುವ ಹುಟ್ಟುಹಬ್ಬದ ಹಾಡಿನ ರಾಗ ಅಮೆರಿಕದ ಲೂಯಿವಿಲ್ ಊರಿನ ಇಬ್ಬರು ಅಕ್ಕತಂಗಿಯರದು, ಪ್ಯಾಟಿ ಹಿಲ್ ಮತ್ತು ಮಿಲ್ಡ್ರೆಡ್ ಹಿಲ್. ಕಿಂಡರ್‌ಗಾರ್ಟನ್ ಮಕ್ಕಳು ಬೆಳಿಗ್ಗೆ ನಮಸ್ಕಾರ ಹೇಳಲೆಂದು 1893ರಲ್ಲಿ ಅಚ್ಚಾದ ಹಾಡು ಅದು. ಮಗುವಿಗೆ ತನ್ನದೇ ಆದ ಒಂದು ಲೋಕವಿದೆ ಎಂಬ ನಂಬಿಕೆಯೊಂದು ಹರಡುತ್ತ ಹೋದಾಗ ಅದರ ಹಿಂದೆಯೇ ಶಾಲೆ, ಹಾಡು, ಕೇಕು ಎಲ್ಲವೂ ಬಂದವು.

ಮನೆಯಲ್ಲೇ ರೈಲಿನ ಕೇಕು ಮಾಡಿದವರಲ್ಲಿ ನಾವು ಮೊದಲಿಗರಲ್ಲ. ಆಸ್ಟ್ರೇಲಿಯಾದಲ್ಲಿ 1980ರಲ್ಲಿ ವಿಮೆನ್ಸ್ ವೀಕ್ಲಿ ಪತ್ರಿಕೆ ಮಕ್ಕಳ ಹುಟ್ಟುಹಬ್ಬದ ಕೇಕುಗಳ ಪುಸ್ತಕವೊಂದನ್ನು ಹೊರತಂದಿತು. ಅದರ ಮುಖಪುಟದಲ್ಲಿರುವುದು ರೈಲಿನ ಕೇಕು, ಬೋಗಿಗಳಲ್ಲಿ ಜೋಳದ ಅರಳಿನ ಸರಕು. ಒಳಗೊಂದು ಬಾತುಕೋಳಿ ಕೇಕಿದೆ, ಅದರ ಕೊಕ್ಕು ಆಲೂಗಡ್ಡೆ ಚಿಪ್ಸು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋದ ಪುಸ್ತಕ ಅದು. ಅಲ್ಲಿ ಒಂದು ಪೀಳಿಗೆಯ ಮಕ್ಕಳು ಆ ಪುಟಗಳನ್ನು ತಿರುವಿ ತಿರುವಿ ತಮ್ಮ ವರ್ಷದ ಕೇಕು ಆರಿಸಿದರು. ಅಂಗಡಿಯಲ್ಲಿ ಕೊಳ್ಳುವುದಕ್ಕಲ್ಲ, ಅಮ್ಮ ರಾತ್ರಿ ನಿದ್ದೆಗೆಟ್ಟು ಮಾಡುವುದಕ್ಕೆ.

ನಾನೂ ನಿದ್ದೆಗೆಟ್ಟೆ. ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನ ರಬ್ಬರೂ ಸೀಟಿಯೂ ತೆಗೆದು, ತಳಕ್ಕೆ ಉಪ್ಪು ಹರಡಿ, ಮೊಟ್ಟೆಯಿಲ್ಲದ ಮೊಸರಿನ ಕೇಕು ಇಟ್ಟೆ. ಅರ್ಧ ಗಂಟೆಗೆ ಕುತೂಹಲ ತಡೆಯದೆ ಮುಚ್ಚಳ ತೆಗೆದು ನೋಡಿದೆ. ಉಬ್ಬಿದ್ದು ನನ್ನ ಕಣ್ಣೆದುರೇ ಕುಸಿಯಿತು. ರಾತ್ರಿ ಹನ್ನೊಂದು ಗಂಟೆ, ಮಾರನೆಯ ದಿನ ಹತ್ತು ಮಕ್ಕಳು ಬರುವವರು. ಅತ್ತೆ ಎದ್ದು ಬಂದು ಬಾಣಲೆ ಒಲೆಗಿಟ್ಟರು. ಇಂಜಿನ್ನಿಗೆ ಮಾತ್ರ ಕುಸಿದ ಕೇಕಿನ ಒಳ್ಳೆಯ ಭಾಗ. ಬೋಗಿಗಳೆಲ್ಲ ಕೊಬ್ಬರಿ ಮಿಠಾಯಿ. ಚಕ್ರಗಳು ಚಕ್ಕುಲಿ. ಹೊಗೆಕೊಳವೆಗೆ ಬೆಲ್ಲದ ಅಚ್ಚು. ಸರಕು ಕಡ್ಲೆಪುರಿ. ಮೇಣದಬತ್ತಿಯ ಬಗ್ಗೆ ಮಾತ್ರ ಅವರದೊಂದು ತಕರಾರಿತ್ತು. "ದೀಪ ಆರಿಸು ಅಂತ ಮಗೂಗೆ ಹೇಳಬೇಡ. ದೀಪ ದೊಡ್ಡದು ಮಾಡು ಅನ್ನು." ಹಾಗೆಯೇ ಆಗಲಿ ಎಂದೆ.

ಇದಕ್ಕೆ ಒಂದು ವಾರ ಮುಂಚೆ ನಡೆದದ್ದನ್ನು ಈಗ ಹೇಳಬೇಕು. ಈ ಬರಹಕ್ಕೆ ಕಾರಣವೇ ಅದು.

ಟಿಕೆಟ್ಟು ಮಾಡುವ ಹುರುಪಿನಲ್ಲಿ ಮಗ ಮನೆಯವರಿಗೆಲ್ಲ ಒಂದೊಂದು ಮಾಡುತ್ತಿದ್ದ. "ಅಜ್ಜಿ, ನಿಂದು ಎಷ್ಟರಿಂದ ಎಷ್ಟಕ್ಕೆ? ನಿನ್ನ ಬರ್ತ್‌ಡೇ ಯಾವಾಗ?"

"ನಂಗೆಲ್ಲ ಇಲ್ಲ ಕಂದ" ಎಂದರು ಅತ್ತೆ. ಅವನು ಬಿಡಲಿಲ್ಲ. ಮಾವ ಕಪಾಟಿನಿಂದ ಆಧಾರ್ ಕಾರ್ಡು ತಂದರು. 1-6-1952. ಮಾವನವರದು 1-6-1949. ಗಂಡ ಹೆಂಡತಿ ಇಬ್ಬರೂ ಜೂನ್ 1! ಮಗನಿಗೆ ಖುಷಿಯೋ ಖುಷಿ. ನಮಗೆ ಗೊತ್ತಿತ್ತು, ಅದು ಹುಟ್ಟಿದ ದಿನವಲ್ಲ, ಶಾಲೆ ಶುರುವಾಗುತ್ತಿದ್ದ ದಿನ. ಆ ಕಾಲದ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಮಗುವಿನ ಕೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು. ಲೆಕ್ಕಕ್ಕೆ ಅನುಕೂಲವಾಗುವಂಥ ವರ್ಷ ಹಾಕಿ, ಜೂನ್ 1 ಎಂದು ಬರೆದುಬಿಡುತ್ತಿದ್ದರು. ಒಂದು ಪೀಳಿಗೆಯ ಕನ್ನಡಿಗರಲ್ಲಿ ಎಷ್ಟೋ ಜನ ಹೀಗೆ ಮೇಷ್ಟ್ರ ಪೆನ್ನಿನಲ್ಲಿ ಹುಟ್ಟಿದವರು. ತಿಂಗಳ ಮೊದಲ ತಾರೀಖು ಹುಟ್ಟಿದ ಸರ್ಕಾರಿ ನೌಕರರಿಗೆ ಹಿಂದಿನ ತಿಂಗಳ ಕೊನೆಗೇ ನಿವೃತ್ತಿ. ಮಾವ 2009ರ ಮೇ 31ಕ್ಕೆ ಬಾವುಟ ಮಡಚಿಟ್ಟದ್ದು ಆ ಪೆನ್ನಿನ ದಯೆ.

ಜನನ ಮರಣ ನೋಂದಣಿ ದೇಶದಾದ್ಯಂತ ಕಡ್ಡಾಯವಾದದ್ದು 1969ರ ಕಾಯಿದೆಯಿಂದ. ಅದಕ್ಕೆ ಮೊದಲಿನ ಜನಗಣತಿಗಳನ್ನು ಓದಿದವರಿಗೆ ಗೊತ್ತು, ವಯಸ್ಸು ಕೇಳಿದರೆ ಜನ ಸೊನ್ನೆಗೋ ಐದಕ್ಕೋ ಮುಗಿಯುವ ಅಂಕಿ ಹೇಳುತ್ತಿದ್ದರು. ಮೂವತ್ತು, ಮೂವತ್ತೈದು, ನಲವತ್ತು. ನಡುವಿನ ವಯಸ್ಸುಗಳಲ್ಲಿ ಯಾರೂ ವಾಸವೇ ಇಲ್ಲವೇನೋ ಎಂಬಂತೆ. 2023ರಲ್ಲಿ ಆ ಕಾಯಿದೆ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಗೂ ನೌಕರಿಗೂ ಜನನ ಪ್ರಮಾಣಪತ್ರವೇ ಆಧಾರವಾಯಿತು. ಎರಡೇ ತಲೆಮಾರಿನಲ್ಲಿ ಕಿವಿ ಮುಟ್ಟುವುದರಿಂದ ಇಲ್ಲಿಗೆ ಬಂದಿದ್ದೇವೆ.

ಆದರೆ ಅತ್ತೆಗೆ ತಿಥಿಗಳು ಮರೆತವೆಂದಲ್ಲ. ತಮ್ಮ ಅತ್ತೆಯದು, ಮಾವನದು, ತಾಯಿಯದು, ತಂದೆಯದು, ಬಾಲ್ಯದಲ್ಲೇ ಹೋದ ತಮ್ಮನದು ಕೂಡ ಸತ್ತ ತಿಥಿ ಬಾಯಲ್ಲೇ ಇದೆ. ಪಂಚಾಂಗ ನೋಡದೆ ಹೇಳುತ್ತಾರೆ. ಶ್ರಾದ್ಧಕ್ಕೆ ತಿಥಿ ಬೇಕೇ ಬೇಕು, ಅದಕ್ಕೇ ಅದು ಮನೆಯ ನೆನಪಿನಲ್ಲಿ ಉಳಿಯುತ್ತದೆ. ಗಂಡುಮಕ್ಕಳಿಗಾದರೆ ಜಾತಕ ಬರೆಸುತ್ತಿದ್ದರು. ಹೆಣ್ಣುಮಗುವಿನ ಹುಟ್ಟಿದ ದಿನ ಯಾರಿಗೂ ಬೇಕಿರಲಿಲ್ಲ. ಇಪ್ಪತ್ತು ಜನರ ಸಾವಿನ ದಿನ ಕಾಯುವವರಿಗೆ ತಮ್ಮ ಹುಟ್ಟಿನ ದಿನವಿಲ್ಲ. ಹದಿನಾಲ್ಕು ವರ್ಷ ಅದೇ ಮನೆಯಲ್ಲಿದ್ದು, ಮೌಖಿಕ ಇತಿಹಾಸದ ಬಗ್ಗೆ ಪಾಠ ಮಾಡಿ, ನಾನು ಇದನ್ನು ಒಮ್ಮೆಯೂ ಗಮನಿಸಿರಲಿಲ್ಲ. ನಾಚಿಕೆಯಾಯಿತು.

ತಾರೀಖು ಕೇಳಿದರೆ ತಾರೀಖು ಗೊತ್ತಿಲ್ಲ ಎಂಬ ಉತ್ತರವೇ ಬರುತ್ತದೆ. ಹಾಗಾಗಿ ಬೇರೆ ರೀತಿ ಕೇಳಿದೆ. "ಅತ್ತೆ, ನೀವು ಹುಟ್ಟಿದ ದಿನ ಮನೆಯಲ್ಲಿ ಏನು ನಡೀತಿತ್ತು ಅಂತ ನಿಮ್ಮಮ್ಮ ಏನಾದ್ರೂ ಹೇಳ್ತಿದ್ರಾ?"

ರಟ್ಟು ಕತ್ತರಿಸುತ್ತಿದ್ದ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. "ಹೇಳ್ತಿದ್ಲು. ತುಳಸಿ ಹಬ್ಬ ಅಂತೆ. ಕಟ್ಟೆಗೆ ಕೆಮ್ಮಣ್ಣು ಸಾರಿಸ್ತಿರುವಾಗ ನೋವು ಬಂತಂತೆ. ನೆಲ್ಲಿಕಾಯಿ ದೀಪ ಹಚ್ಚೋಕೆ ಅವಳಿಲ್ಲ, ನಮ್ಮ ಸೋದರತ್ತೆ ಹಚ್ಚಿದ್ರಂತೆ. ಅಂಗಳದಲ್ಲಿ ದೀಪ ಹಚ್ಚೋ ಹೊತ್ತಿಗೆ ಒಳಗೆ ನಾನು ಅತ್ತೆ ಅಂತೆ. ವಿಜಯ ಸಂವತ್ಸರ."

ನಾನು ಲೆಕ್ಕ ಹಾಕಿದೆ. ವಿಜಯ ಸಂವತ್ಸರ ಅಂದರೆ 1953-54. ಕಾರ್ತಿಕ ಶುದ್ಧ ದ್ವಾದಶಿ, ಉತ್ಥಾನ ದ್ವಾದಶಿ. 1953ರ ನವೆಂಬರ್ ತಿಂಗಳ ಮೂರನೆಯ ವಾರ. ಸರ್ಕಾರದ ಲೆಕ್ಕದಲ್ಲಿ ಅವರಿಗೆ 73, ತುಳಸಿಕಟ್ಟೆಯ ಲೆಕ್ಕದಲ್ಲಿ 72.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು?" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಆ ವರ್ಷದ ತುಳಸಿ ಹಬ್ಬ ಮುಗಿದಿತ್ತು, ನವೆಂಬರ್ 2ಕ್ಕೆ. ಪ್ರತಿವರ್ಷದಂತೆ ಅತ್ತೆಯೇ ಕಟ್ಟೆ ತೊಳೆದು, ನೆಲ್ಲಿ ಕೊಂಬೆ ನೆಟ್ಟು, ಕಬ್ಬು ಕಟ್ಟಿ, ನೆಲ್ಲಿಕಾಯಿಯ ಮೇಲ್ಭಾಗ ಕೊರೆದು ತುಪ್ಪದ ಬತ್ತಿ ಇಟ್ಟಿದ್ದರು. ನಾವೆಲ್ಲ ಕೈಮುಗಿದು ಕೋಸಂಬರಿ ತಿಂದು ಒಳಗೆ ಬಂದಿದ್ದೆವು. ಜರ್ಮನರ ಕೇಕಿನ ಬತ್ತಿಯ ಕಥೆಯನ್ನು ನಾನು ಎಷ್ಟು ಕಡೆ ಹುಡುಕಿ ಓದಿದ್ದೆ! ನಮ್ಮ ಹಿತ್ತಲಿನಲ್ಲೇ ಒಬ್ಬರ ಹುಟ್ಟಿನ ದೀಪ ವರ್ಷವರ್ಷವೂ ಉರಿಯುತ್ತಿತ್ತು, ಅದನ್ನು ಅವರೇ ಹಚ್ಚಿಕೊಳ್ಳುತ್ತಿದ್ದರು.

22ರ ಸೋಮವಾರ ಸಂಜೆ ರೈಲು ಹೊರಟಿತು. ಎಲ್ಲವೂ ಯೋಜನೆಯಂತೆ ನಡೆಯಲಿಲ್ಲ. ಮಂಡ್ಯದಲ್ಲಿ ಇಬ್ಬರು ಬೆಲ್ಲಕ್ಕಾಗಿ ಹೊಡೆದಾಡಿದರು, ಒಂದು ಬೋಗಿ ಅಳುತ್ತಾ ರಾಮನಗರದಲ್ಲೇ ಉಳಿಯಿತು. ಬಿಡದಿಯ ತಟ್ಟೆ ಇಡ್ಲಿಯನ್ನು ಯಾರೂ ಮುಟ್ಟಲಿಲ್ಲ, ಮದ್ದೂರು ವಡೆಯ ತಟ್ಟೆ ಮಾತ್ರ ಎರಡು ಸಲ ತುಂಬಿಸಬೇಕಾಯಿತು. ಚಕ್ಕುಲಿ ಚಕ್ರಗಳನ್ನು ಮಕ್ಕಳು ಕೇಕು ಕತ್ತರಿಸುವ ಮೊದಲೇ ಕಿತ್ತು ತಿಂದಿದ್ದರಿಂದ ಹಳಿಯ ಮೇಲೆ ಬರೀ ಬೋಗಿಗಳಿದ್ದವು. "ದೀಪ ದೊಡ್ಡದು ಮಾಡು" ಎಂದು ನಾನು ಹೇಳಿದರೆ ಮಗ ಗೊಂದಲಗೊಂಡು ಇನ್ನೊಂದು ಬತ್ತಿ ಕೊಡು ಎಂದು ಕೈಚಾಚಿದ.

ಆಗ ಮಾವ ಎದ್ದು ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಸ್ಟೇಷನ್ನಿನ ಧ್ವನಿಯಲ್ಲಿ ಹೇಳಿದರು: "ಪ್ರಯಾಣಿಕರ ಗಮನಕ್ಕೆ. ಎಪ್ಪತ್ತೊಂದರಿಂದ ಎಪ್ಪತ್ತೆರಡಕ್ಕೆ ಹೋಗುವ ಗಾಡಿ ಐವತ್ತು ದಿನ ತಡವಾಗಿ ಬರುತ್ತಿದೆ. ಅಡಚಣೆಗೆ ವಿಷಾದಿಸುತ್ತೇವೆ." ಮಗ ಅಜ್ಜಿಗೆ ರಟ್ಟಿನ ಟಿಕೆಟ್ಟು ಕೊಟ್ಟ. ಅದರ ಮೇಲೆ ಅವನ ಸೊಟ್ಟ ಅಕ್ಷರದಲ್ಲಿ 'ತುಳಸಿ' ಎಂದಿತ್ತು. ತಾರೀಖು ಹಾಕಿರಲಿಲ್ಲ. ಅತ್ತೆ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಮಕ್ಕಳಿಗೆ ಕೊಬ್ಬರಿ ಮಿಠಾಯಿ ಹಂಚಲು ಹೋದರು.

ಮಕ್ಕಳೆಲ್ಲ ಹೋದ ಮೇಲೆ ಮಾವ ನನ್ನ ಬಳಿ ಇನ್ನೊಂದು ಲೆಕ್ಕ ಮಾಡಿಸಿದರು. ತಿಥಿಯ ಹುಟ್ಟುಹಬ್ಬವೂ ತಾರೀಖಿನ ಹುಟ್ಟುಹಬ್ಬವೂ ಮತ್ತೆ ಯಾವಾಗ ಸೇರುತ್ತವೆ? ಸೂರ್ಯನ 19 ವರ್ಷಕ್ಕೂ ಚಂದ್ರನ 235 ತಿಂಗಳಿಗೂ ಇರುವ ಅಂತರ ಕೆಲವೇ ಗಂಟೆಗಳದು. ಆದ್ದರಿಂದ ಮಗನಿಗೆ 19 ತುಂಬುವ 2039ರ ಡಿಸೆಂಬರಿನಲ್ಲಿ ಮಾರ್ಗಶಿರ ಶುದ್ಧ ಅಷ್ಟಮಿ ಮತ್ತು 22ನೇ ತಾರೀಖು ಒಂದು ದಿನದ ಆಚೀಚೆ ಒಟ್ಟಿಗೆ ಬರುತ್ತವೆ. "ಕ್ರಾಸಿಂಗು" ಎಂದರು ಮಾವ. ಅವರ ಕಾಲದಲ್ಲಿ ಮೈಸೂರು ಬೆಂಗಳೂರು ಒಂಟಿ ಹಳಿ. ಎದುರಿಂದ ಬರುವ ಗಾಡಿಗಾಗಿ ಇನ್ನೊಂದು ಗಾಡಿ ಸ್ಟೇಷನ್ನಿನಲ್ಲಿ ಕಾಯಬೇಕಿತ್ತು. "ಅಲ್ಲಿಯವರೆಗೆ ನಾವಿರ್ತೀವೋ ಇಲ್ವೋ."

ಅತ್ತೆ ಪಂಚಾಂಗ ತೆಗೆದು ಆ ಟಿಕೆಟ್ಟನ್ನು ಕಾರ್ತಿಕ ಮಾಸದ ಪುಟದಲ್ಲಿಟ್ಟರು. "ಬರೋ ವರ್ಷ ನಂಗೆ ಕೇಕು ಗೀಕು ಮಾಡಬೇಡ" ಎಂದರು ನನಗೆ. "ಕುಕ್ಕರಿನ ಮುಚ್ಚಳ ತೆಗೀತೀಯ ನೀನು. ನೆಲ್ಲಿಕಾಯಿ ದೀಪ ಒಂದು ಜಾಸ್ತಿ ಇಡು, ಸಾಕು."